ಮಾದರಿ ಕಾರಿಗೆ ಡೆಕಾಲ್ ಅಂಟಿಸುವುದು, ಅರ್ಧಕ್ಕೆ ನಿಂತದ್ದನ್ನು ಮುಗಿಸುವುದು



ಪ್ಲಾಸ್ಟಿಕ್ ಭಾಗಗಳನ್ನು ಜೋಡಿಸಿ ಮಾದರಿ ಕಾರು ಕಟ್ಟುವ ಹವ್ಯಾಸದವರು ನಮ್ಮ ಸದಸ್ಯರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ, ನಿವೃತ್ತರಾದ ಹಿರಿಯರೂ ಇದ್ದಾರೆ. ಮಾತಿಗೆ ಸಿಕ್ಕಾಗ ಹೆಚ್ಚಿನವರು ಹೇಳುವುದು ಒಂದೇ: ಬಣ್ಣ ಹೊಡೆಯುವವರೆಗೆ ಕೆಲಸ ಚೆನ್ನಾಗಿಯೇ ನಡೆಯಿತು, ಆಮೇಲೆ ಪೆಟ್ಟಿಗೆ ಬೀರುವಿನ ಮೇಲೆ ಹೋಗಿ ಕೂತಿತು.

ಕೆಲಸ ಅಲ್ಲಿಯೇ ನಿಲ್ಲುವುದಕ್ಕೆ ಕಾರಣವಿದೆ. ಬಣ್ಣದ ನಂತರ ಬರುವುದು ಡೆಕಾಲ್. ಹೊಳೆಯುವ ಬಾಡಿಯ ಮೇಲೆ ಕೂದಲೆಳೆಯಷ್ಟು ತೆಳುವಾದ ಚಿತ್ರಗಳನ್ನು ಕೂರಿಸಬೇಕು. ಇಷ್ಟು ದಿನದ ಶ್ರಮ ಒಂದು ತಪ್ಪಿನಿಂದ ಹಾಳಾದರೆ ಎಂಬ ಅಳುಕು ಕೈ ಕಟ್ಟುತ್ತದೆ. ಇದನ್ನು ಆರಂಭಶೂರತ್ವ ಎಂದು ಬೈದುಕೊಳ್ಳಬೇಕಾಗಿಲ್ಲ. ಕೆಲಸದ ಕ್ರಮ ತಿಳಿದರೆ ಅಳುಕು ಅರ್ಧ ಕಡಿಮೆಯಾಗುತ್ತದೆ. ಕಿಟ್‌ಗಳ ಜೊತೆ ಬರುವ ಸೂಚನಾ ಪುಸ್ತಕ ಕನ್ನಡದಲ್ಲಿ ಇರುವುದಿಲ್ಲ, ಡೆಕಾಲ್ ಬಗ್ಗೆ ಅದರಲ್ಲಿ ನಾಲ್ಕೈದು ಸಾಲಿಗಿಂತ ಹೆಚ್ಚು ಸಿಗುವುದೂ ಅಪರೂಪ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಡೆಕಾಲ್ ಎಂದರೇನು?

ಡೆಕಾಲ್ ಸ್ಟಿಕರ್ ಅಲ್ಲ. ಸ್ಟಿಕರ್‌ನ ಹಿಂಭಾಗದಲ್ಲಿ ಒತ್ತಿದ ಕೂಡಲೇ ಹಿಡಿಯುವ ಅಂಟು ಇರುತ್ತದೆ. ಡೆಕಾಲ್‌ನಲ್ಲಿ ಮೂರು ಪದರಗಳು: ಕೆಳಗೆ ಕಾಗದ, ಅದರ ಮೇಲೆ ನೀರಿನಲ್ಲಿ ಕರಗುವ ಅಂಟು, ಅದರ ಮೇಲೆ ಪಾರದರ್ಶಕ ಪೊರೆಯ ಮೇಲೆ ಅಚ್ಚಾದ ಚಿತ್ರ. ನೀರು ತಾಗಿದಾಗ ಅಂಟು ಸಡಿಲವಾಗಿ ಪೊರೆ ಕಾಗದದಿಂದ ಜಾರುತ್ತದೆ. ನೀರು ಆರುವವರೆಗೆ ಅದನ್ನು ಅತ್ತಿತ್ತ ಸರಿಸಬಹುದು. ಧೈರ್ಯ ತರುವ ಸಂಗತಿ ಇದೇ. ಹೊಡೆದ ಬಣ್ಣವನ್ನು ವಾಪಸು ತೆಗೆಯುವುದು ಕಷ್ಟ. ಓರೆಯಾಗಿ ಕೂತ ಡೆಕಾಲ್ ಇನ್ನೂ ಒದ್ದೆಯಾಗಿದ್ದರೆ ಒಂದು ಹನಿ ನೀರು ಬಿಟ್ಟು ಮತ್ತೆ ತೇಲಿಸಿ ಸರಿಮಾಡಬಹುದು.

ಒಂದು ಉದಾಹರಣೆ

ಮಾತು ಸ್ಪಷ್ಟವಾಗಲೆಂದು ಒಂದು ಕಾರನ್ನೇ ತೆಗೆದುಕೊಳ್ಳೋಣ: ಮಾರ್ಟಿನಿ ಪಟ್ಟಿಗಳ ಲಾಂಚಿಯಾ ಡೆಲ್ಟಾ ಇಂಟೆಗ್ರಾಲೆ. ಇಟಲಿಯ ಲಾಂಚಿಯಾ ಕಂಪನಿ 1987ರಿಂದ 1992ರವರೆಗೆ ಸತತ ಆರು ವರ್ಷ ವಿಶ್ವ ರ‍್ಯಾಲಿಯಲ್ಲಿ ತಯಾರಕರ ಪ್ರಶಸ್ತಿ ಗೆದ್ದದ್ದು ಡೆಲ್ಟಾ ಕಾರುಗಳಿಂದ. ಜಪಾನಿನ ತಮಿಯಾ ಮತ್ತು ಹಸೆಗಾವಾ ಎರಡೂ ಕಂಪನಿಗಳು ಇದರ ಕಿಟ್‌ಗಳನ್ನು 1/24 ಅಳತೆಯಲ್ಲಿ ತಂದಿವೆ. ನಿಜವಾದ ಕಾರಿನ ಉದ್ದ ಸುಮಾರು 3.9 ಮೀಟರ್, ಮಾದರಿಯದು ಸುಮಾರು 16 ಸೆಂಟಿಮೀಟರ್. ಬಾಡಿ ಬಿಳಿ. ಅದರ ಮೇಲೆ ಕಡುನೀಲಿ, ತಿಳಿನೀಲಿ, ಕೆಂಪು ಬಣ್ಣದ ಉದ್ದ ಪಟ್ಟಿಗಳು, ಬಾಗಿಲ ಮೇಲೆ ಸ್ಪರ್ಧಾ ಸಂಖ್ಯೆ, ಜೊತೆಗೆ ಹತ್ತಾರು ಸಣ್ಣ ಜಾಹೀರಾತು ಗುರುತುಗಳು. ಚಕ್ರದ ಮೇಲಿನ ಉಬ್ಬು, ಬಾನೆಟ್ಟಿನ ಏರಿಳಿತ, ಬಾಗಿಲಿನ ಸಂದು ಎಲ್ಲದರ ಮೇಲೂ ಡೆಕಾಲ್ ಹರಿಯಬೇಕು. ಈ ಕಾರು ಮಾಡಬಲ್ಲವರಿಗೆ ಉಳಿದವು ಸುಲಭ.

ಮೊದಲು ಹೊಳಪು

ಡೆಕಾಲ್ ಕೂರಬೇಕಾದ ಮೈ ನುಣುಪಾಗಿರಬೇಕು. ಮಂಕು ಬಣ್ಣದ ಮೈ ಕಣ್ಣಿಗೆ ಕಾಣದಷ್ಟು ಸಣ್ಣಗೆ ತರಿತರಿಯಾಗಿರುತ್ತದೆ. ಆ ಗುಳಿಗಳಲ್ಲಿ ಗಾಳಿ ಸಿಕ್ಕಿಕೊಂಡು, ಪಾರದರ್ಶಕ ಪೊರೆ ಬೆಳ್ಳಿಯಂತೆ ಬೆಳ್ಳಗೆ ಕಾಣುತ್ತದೆ. ಆದ್ದರಿಂದ ಬಣ್ಣ ಪೂರ್ತಿ ಒಣಗಿದ ಮೇಲೆ ಹೊಳಪಿನ ಕ್ಲಿಯರ್ ಕೊಟ್ಟು, ಅದೂ ಗಟ್ಟಿಯಾಗುವವರೆಗೆ ಎರಡು ದಿನ ಬಿಡಿ. ಬೆರಳಿನ ಎಣ್ಣೆ ಪಸೆ ಇದ್ದರೂ ಡೆಕಾಲ್ ಹಿಡಿಯುವುದಿಲ್ಲ. ಶುರುಮಾಡುವ ಮೊದಲು ಬಾಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಹೊಸ ಬ್ಲೇಡ್, ಚೂಪಾದ ಚಿಮಟ, ಎರಡು ಮೃದು ಬ್ರಷ್, ಇಯರ್ ಬಡ್, ಟಿಶ್ಯೂ ಕಾಗದ, ಸಣ್ಣ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು. ಇದರ ಜೊತೆ ಎರಡು ದ್ರವಗಳಿದ್ದರೆ ಒಳ್ಳೆಯದು. ಒಂದು ಡೆಕಾಲ್ ಚೆನ್ನಾಗಿ ಹಿಡಿಯುವಂತೆ ಮಾಡುವುದು, ಇನ್ನೊಂದು ಪೊರೆಯನ್ನೇ ಮೆತ್ತಗೆ ಮಾಡುವುದು. ಮೈಕ್ರೋಸ್ಕೇಲ್ ಕಂಪನಿಯ ಮೈಕ್ರೋ ಸೆಟ್ ಮೊದಲನೆಯದು, ಮೈಕ್ರೋ ಸೋಲ್ ಎರಡನೆಯದು. ಮಿಸ್ಟರ್ ಹಾಬಿಯವರ ಮಾರ್ಕ್ ಸೆಟರ್, ಮಾರ್ಕ್ ಸಾಫ್ಟರ್ ಕೂಡ ಇದೇ ಕೆಲಸಕ್ಕೆ. ಮೊದಲನೆಯದಕ್ಕೆ ಬದಲಾಗಿ ನೀರು ಬೆರೆಸಿದ ಬಿಳಿ ವಿನೆಗರ್ ಬಳಸುವವರಿದ್ದಾರೆ. ಯಾವುದನ್ನು ಬಳಸಿದರೂ, ಹಾಳೆಯಲ್ಲಿ ನಿಮ್ಮ ಕಾರಿಗೆ ಬೇಡದ ಗುರುತು ಒಂದಾದರೂ ಇರುತ್ತದೆ. ಅದರ ಮೇಲೆ ಮೊದಲು ಪರೀಕ್ಷಿಸಿ ನೋಡಿ.

ಅಂಟಿಸುವ ಕ್ರಮ

1. ಒಂದು ಸಲಕ್ಕೆ ಒಂದೇ ಡೆಕಾಲ್ ಕತ್ತರಿಸಿ, ಹೆಚ್ಚೆಂದರೆ ಎರಡು. ಚಿತ್ರದ ಸುತ್ತ ಖಾಲಿ ಪೊರೆ ಹೆಚ್ಚು ಉಳಿಯದಂತೆ ಅಂಚಿಗೆ ಹತ್ತಿರ ಕತ್ತರಿಸಿ.

2. ಹತ್ತರಿಂದ ಇಪ್ಪತ್ತು ಸೆಕೆಂಡು ನೀರಿನಲ್ಲಿ ಅದ್ದಿ ತೆಗೆದು ಟಿಶ್ಯೂ ಮೇಲಿಡಿ. ಒಂದು ನಿಮಿಷ ಕಾಯಿರಿ. ನೀರಿನಲ್ಲೇ ತೇಲುವಂತೆ ಬಿಟ್ಟರೆ ಅಂಟು ತೊಳೆದುಹೋಗುತ್ತದೆ.

3. ಕೂರಿಸುವ ಜಾಗಕ್ಕೆ ಬ್ರಷ್‌ನಿಂದ ಮೊದಲ ದ್ರವವನ್ನು, ಇಲ್ಲವಾದರೆ ನೀರನ್ನು ಸವರಿ. ಕಾಗದವನ್ನು ಆ ಜಾಗದ ಪಕ್ಕಕ್ಕೇ ಹಿಡಿದು ಡೆಕಾಲನ್ನು ಒದ್ದೆ ಬ್ರಷ್‌ನಿಂದ ಜಾರಿಸಿ. ಬೆರಳಿನಿಂದ ಎಳೆಯಬೇಡಿ.

4. ಜಾಗ ಸರಿಯಾದ ಮೇಲೆ ಒದ್ದೆ ಮಾಡಿದ ಇಯರ್ ಬಡ್ಡನ್ನು ನಡುವಿನಿಂದ ಅಂಚಿನ ಕಡೆಗೆ ಉರುಳಿಸುತ್ತಾ ನೀರು, ಗಾಳಿ ಹೊರಹಾಕಿ. ಉಜ್ಜಿದರೆ ಡೆಕಾಲ್ ಸರಿದುಹೋಗುತ್ತದೆ.

5. ಉಬ್ಬು ತಗ್ಗು ಇರುವಲ್ಲಿ ಎರಡನೇ ದ್ರವವನ್ನು ತೆಳ್ಳಗೆ ಹಚ್ಚಿ. ಡೆಕಾಲ್ ಕೂಡಲೇ ನೆರಿಗೆ ಬೀಳುತ್ತದೆ. ಹೆದರಬೇಡಿ, ಮುಟ್ಟಲೂ ಬೇಡಿ. ಆರುತ್ತಾ ಬಂದಂತೆ ಅದು ತಾನಾಗಿಯೇ ಮೈಗೆ ಅಂಟಿ ಸಪಾಟಾಗುತ್ತದೆ. ಮೆತ್ತಗಾದ ಪೊರೆಯನ್ನು ಮುಟ್ಟಿದರೆ ಮಾತ್ರ ಹರಿಯುತ್ತದೆ.

6. ಬಾಗಿಲಿನ ಸಂದಿನ ಮೇಲೆ ಹರಿದ ಪಟ್ಟಿ ಪೂರ್ತಿ ಒಣಗಿದ ಮೇಲೆ ಸಂದಿನ ಗುಂಟ ಹೊಸ ಬ್ಲೇಡಿನಿಂದ ಹಗುರಾಗಿ ಕೊಯ್ದು, ಮತ್ತೊಮ್ಮೆ ಎರಡನೇ ದ್ರವ ಹಚ್ಚಿ. ಪಟ್ಟಿ ಸಂದಿನೊಳಗೆ ಇಳಿದು, ಬಣ್ಣ ಹೊಡೆದಂತೆಯೇ ಕಾಣುತ್ತದೆ.

ಲಾಂಚಿಯಾದಂಥ ಕಾರಿನಲ್ಲಿ ಛಾವಣಿಯಂಥ ಸಪಾಟು ಜಾಗದ ಸಣ್ಣ ಗುರುತಿನಿಂದ ಶುರುಮಾಡಿ. ಆ ಹಾಳೆಯ ಪೊರೆ ದಪ್ಪವೋ ತೆಳುವೋ, ಎಷ್ಟು ಹೊತ್ತಿಗೆ ಜಾರುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಉದ್ದ ಪಟ್ಟಿಗಳು. ಅವಕ್ಕೆ ಮೈ ಮೇಲೆ ನೀರು ಹೆಚ್ಚಿರಲಿ. ಮರೆಮಾಚುವ ಟೇಪಿನ ಒಂದು ಗೆರೆ ಹಾಕಿಕೊಂಡರೆ ಪಟ್ಟಿ ನೇರ ಬರುತ್ತದೆ. ಬಾಗಿಲಿನ ಬಳಿ ಮೊದಲು ಸರಿಹೊಂದಿಸಿ, ಅಲ್ಲಿಂದ ಎರಡೂ ತುದಿಗೆ ಹೋಗಿ. ಸಣ್ಣ ಗುರುತುಗಳು ಕೊನೆಗೆ.

ಎಲ್ಲ ಮುಗಿದ ಮೇಲೆ ಒಂದೆರಡು ದಿನ ಒಣಗಲು ಬಿಟ್ಟು, ಉಳಿದ ಅಂಟು ಮತ್ತು ದ್ರವದ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೇಲೊಂದು ಕ್ಲಿಯರ್ ಕೊಡಿ. ಲ್ಯಾಕರ್ ಸ್ಪ್ರೇ ಆದರೆ ಮೊದಲ ಎರಡು ಸಲ ದೂರದಿಂದ ಮಂಜು ಬಿದ್ದ ಹಾಗೆ ತೆಳ್ಳಗೆ ಹೊಡೆಯಿರಿ. ಒಮ್ಮೆಲೇ ಸುರಿದರೆ ಅದರ ದ್ರಾವಕವೇ ಡೆಕಾಲನ್ನು ತಿನ್ನುತ್ತದೆ. ಸ್ಪ್ರೇ ಹೊಡೆಯುವಾಗ ಗಾಳಿಯಾಡುವ ಜಾಗ ಮತ್ತು ದ್ರಾವಕದ ಆವಿ ತಡೆಯುವ ಮಾಸ್ಕ್ ಇರಲೇಬೇಕು. ಮಕ್ಕಳಿಗೆ ಈ ಕೆಲಸ ದೊಡ್ಡವರೇ ಮಾಡಿಕೊಡಲಿ.

ನಮ್ಮ ಊರುಗಳ ನೀರು, ಹವೆ

ನಮ್ಮ ಸದಸ್ಯರು ಇರುವ ಊರುಗಳ ಹವೆ ಒಂದೇ ರೀತಿಯದಲ್ಲ. ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಗಾಳಿಯ ತೇವ ಅದರ ಮೇಲೆ ಕೂತು ಹೊಳಪು ಬೆಳ್ಳಗೆ ಮಸುಕಾಗುತ್ತದೆ. ಅಲ್ಲಿಯವರು ಬಣ್ಣ, ಕ್ಲಿಯರ್ ಕೆಲಸವನ್ನು ಮಳೆಗೆ ಮೊದಲೇ ಮುಗಿಸಿ, ಆಷಾಢದ ಸಂಜೆಗಳನ್ನು ಡೆಕಾಲಿಗೆ ಇಟ್ಟುಕೊಳ್ಳಬಹುದು. ಮೇಲಿನ ಕೊನೆಯ ಕ್ಲಿಯರ್ ಬಿಸಿಲು ಬಂದ ಮೇಲಾಯಿತು. ಸೊಲ್ಲಾಪುರ, ಆದೋನಿ, ರಾಯದುರ್ಗದ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು: ಸರಿಸುವ ಮೊದಲೇ ನೀರು ಆರಿಬಿಡುತ್ತದೆ. ಫ್ಯಾನ್ ನಿಲ್ಲಿಸಿ, ಬೆಳಗಿನ ಹೊತ್ತು ಕೂರುವುದು ಒಳ್ಳೆಯದು. ಬೋರ್‌ವೆಲ್ಲಿನ ಗಡಸು ನೀರು ಆರಿದ ಮೇಲೆ ಬಿಳಿ ಸುಣ್ಣದ ಕಲೆ ಬಿಡುತ್ತದೆ, ಕಪ್ಪು ಕಾರಿನ ಮೇಲೆ ಅದು ಎದ್ದು ಕಾಣುತ್ತದೆ. ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ಅಥವಾ ಫಿಲ್ಟರ್ ನೀರು ಬಳಸಿ. ನೀಲಗಿರಿಯ ಚಳಿಯಲ್ಲಿ ತಟ್ಟೆಯ ನೀರು ಬೇಗ ತಣ್ಣಗಾಗುತ್ತದೆ, ಆಗಾಗ ಬದಲಿಸಬೇಕು. ಒಣಗಲು ಒಂದು ದಿನ ಹೆಚ್ಚೇ ಬಿಡಿ.

ಹಾಳೆಗೆ ವಯಸ್ಸಿದೆ

ಪ್ಲಾಸ್ಟಿಕ್ ಭಾಗಗಳು ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷ ಇದ್ದರೂ ಹೆಚ್ಚಾಗಿ ಏನೂ ಆಗುವುದಿಲ್ಲ. ಡೆಕಾಲ್ ಹಾಗಲ್ಲ. ವರ್ಷ ಕಳೆದಂತೆ ಪೊರೆ ಹಳದಿಯಾಗುತ್ತದೆ, ಸೀಳುತ್ತದೆ, ನೀರಿಗೆ ಹಾಕಿದ ಕೂಡಲೇ ಚೂರುಚೂರಾಗುವುದೂ ಉಂಟು. ತೇವ ತಾಗಿದರೆ ಮೇಲಿನ ರಕ್ಷಣಾ ಕಾಗದಕ್ಕೇ ಅಂಟಿಕೊಳ್ಳುತ್ತದೆ. ಅಂದರೆ ಬೀರುವಿನ ಮೇಲೆ ಕೂತ ಪೆಟ್ಟಿಗೆಯಲ್ಲಿ ಕಾಯಲಾರದ ವಸ್ತು ಇದೊಂದೇ. ಇವತ್ತೇ ಪೆಟ್ಟಿಗೆ ಇಳಿಸಿ ಹಾಳೆಯನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ.

ಹಳದಿಯಾದ ಹಾಳೆಯನ್ನು ಜಿಪ್ ಕವರಿನಲ್ಲಿಟ್ಟು, ಚಿತ್ರದ ಮುಖ ಹೊರಗೆ ಬರುವಂತೆ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿದರೆ ಕೆಲವು ದಿನಗಳಲ್ಲಿ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಆಗಾಗ ನೋಡುತ್ತಿರಿ. ಅತಿಯಾದರೆ ಬಣ್ಣವೂ ಮಾಸುತ್ತದೆ. ಸೀಳುವ ಹಾಳೆಯ ಮೇಲೆ ಕ್ಲಿಯರ್ ಲ್ಯಾಕರ್ ಅಥವಾ ಮೈಕ್ರೋಸ್ಕೇಲಿನ ಲಿಕ್ವಿಡ್ ಡೆಕಾಲ್ ಫಿಲ್ಮ್ ಒಂದು ಪದರ ಕೊಟ್ಟರೆ ಹೊಸ ಪೊರೆ ಸಿಕ್ಕಂತಾಗುತ್ತದೆ. ಆಗ ಪ್ರತಿ ಚಿತ್ರವನ್ನೂ ಅಂಚಿನಲ್ಲೇ ಕತ್ತರಿಸಬೇಕು.

ಉತ್ಸಾಹ ಉಳಿಯುವುದು ಹೇಗೆ?

ಉತ್ಸಾಹ ಬರಲಿ, ಆಮೇಲೆ ಕೂರೋಣ ಎಂದು ಕಾದರೆ ಅದು ಬರುವುದಿಲ್ಲ. ಕೂತ ಮೇಲೆ ಬರುತ್ತದೆ. ಡೆಕಾಲ್ ಕೆಲಸಕ್ಕೆ ಒಂದು ಅನುಕೂಲವಿದೆ: ಅದು ತಾನಾಗಿಯೇ ಸಣ್ಣ ತುಂಡುಗಳಾಗಿ ಒಡೆದಿದೆ. ಒಂದು ಬದಿ ಒಣಗುವವರೆಗೆ ಕಾರನ್ನು ಮಗುಚಲು ಆಗುವುದಿಲ್ಲ, ಹಾಗಾಗಿ ನಿಲ್ಲಿಸಲೇಬೇಕು. ಇದನ್ನೇ ಲೆಕ್ಕವಾಗಿ ಹಿಡಿಯಿರಿ. ಒಂದು ಸಂಜೆಗೆ ಒಂದೇ ಬದಿ, ನಾಲ್ಕೈದು ಡೆಕಾಲ್, ಅರ್ಧ ಗಂಟೆ. ಅರವತ್ತು ಡೆಕಾಲ್ ಇರುವ ಹಾಳೆಯೂ ಹದಿನೈದು ಸಂಜೆಗಳಲ್ಲಿ ಮುಗಿಯುತ್ತದೆ. ಅಂಟಿಸಿದ್ದಕ್ಕೆ ಸೂಚನಾ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕುತ್ತಾ ಹೋಗಿ. ಎಷ್ಟು ಉಳಿಯಿತು ಎಂಬ ಚಿಂತೆ ಹೋಗಿ ಎಷ್ಟು ಆಯಿತು ಎಂಬುದು ಕಾಣುತ್ತದೆ.

ಏಳುವ ಮೊದಲು ಮುಂದಿನ ಕೆಲಸವನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ: "ಎಡ ಬಾಗಿಲು, ಸಂಖ್ಯೆ 14 ಮತ್ತು 15." ಹತ್ತು ದಿನ ಬಿಟ್ಟು ಬಂದರೂ ಎಲ್ಲಿಂದ ಶುರುಮಾಡುವುದೆಂದು ಹುಡುಕಬೇಕಾಗಿಲ್ಲ. ಬಹಳ ಕಿಟ್‌ಗಳು ನಿಲ್ಲುವುದು ಬೇಸರದಿಂದಲ್ಲ, ಈ ಹುಡುಕಾಟದಿಂದ.

ಬಾಡಿ ಒಣಗುವಾಗ ಸೀಟು, ಚಕ್ರ, ಡ್ಯಾಶ್‌ಬೋರ್ಡ್ ಮಾಡಿ. ಕಾರನ್ನು ಬೀರುವಿನ ಮೇಲಿಡದೆ, ಪಾರದರ್ಶಕ ಡಬ್ಬಿ ಮುಚ್ಚಿ ಕಣ್ಣಿಗೆ ಬೀಳುವಲ್ಲಿಡಿ. ರ‍್ಯಾಲಿ ಕಾರು ಸಾಕೆನಿಸಿದರೆ, ನಡುವೆ ನಂಬರ್ ಪ್ಲೇಟ್ ಮತ್ತು ಒಂದೆರಡು ಗುರುತು ಮಾತ್ರ ಇರುವ ಸಾದಾ ಕಾರೊಂದನ್ನು ಮುಗಿಸಿ. ಮುಗಿಸಿದ ಒಂದು ಕಾರು ಕೊಡುವ ಬಲವನ್ನು ಹೊಸದಾಗಿ ಕೊಂಡ ಮೂರು ಪೆಟ್ಟಿಗೆಗಳು ಕೊಡುವುದಿಲ್ಲ. ಒಂದು ಮುಗಿಯುವವರೆಗೆ ಇನ್ನೊಂದು ಕೊಳ್ಳುವುದಿಲ್ಲ ಎಂಬ ನಿಯಮ ಕಿಸೆಗೂ ಹಿತ.

ವರ್ಷಾನುಗಟ್ಟಲೆ ಪಳಗಿದವರ ಕೆಲಸದ ಚಿತ್ರಗಳನ್ನು ಕಲಿಯಲು ನೋಡಿ, ಹೋಲಿಸಿಕೊಳ್ಳಲು ಬೇಡ. ನಿಮ್ಮ ಕಾರನ್ನು ಹೋಲಿಸಬೇಕಾದದ್ದು ನಿಮ್ಮದೇ ಹಿಂದಿನ ಕಾರಿನ ಜೊತೆ. ಸಪಾಟಾಗಿ ಕೂರದ ಒಂದು ಅಂಚು ಕೈಯಲ್ಲಿ ಹಿಡಿದಾಗ ನಿಮಗೆ ಕಾಣುತ್ತದೆ, ಕಪಾಟಿನಲ್ಲಿಟ್ಟಾಗ ಮನೆಗೆ ಬಂದ ನೆಂಟರಿಗೆ ಕಾಣುವುದು ಇಡೀ ಕಾರು.

ಒಬ್ಬರೇ ಕೂತು ಮಾಡುವ ಹವ್ಯಾಸವಾದರೂ ಜೊತೆ ಇದ್ದರೆ ಸಾಗುತ್ತದೆ. ಹೊಸೂರಿನವರೊಬ್ಬರು, ಅಕ್ಕಲಕೋಟೆಯವರೊಬ್ಬರು ವಾರಕ್ಕೊಂದು ಸಂಜೆ ಗೊತ್ತುಮಾಡಿಕೊಂಡು ಫೋನ್ ಸ್ಪೀಕರ್ ಹಾಕಿ ಮಾತಾಡುತ್ತಾ ಕೂತರೆ ಇಬ್ಬರ ಕೆಲಸವೂ ನಡೆಯುತ್ತದೆ. ಜೊತೆ ಬೇಕೆನ್ನುವ ಸದಸ್ಯರು ನಿಮ್ಮ ಊರಿನ ಪ್ರತಿನಿಧಿಗಳಿಗೆ ತಿಳಿಸಿ, ಹೊಂದಿಸಿಕೊಡುತ್ತೇವೆ. ಮುಂದಿನ ಕೂಟಕ್ಕೆ ಬರುವಾಗ ಅರ್ಧಕ್ಕೆ ನಿಂತ ಪೆಟ್ಟಿಗೆಯನ್ನೂ ತನ್ನಿ. ಮೇಜು, ನೀರು, ಇಯರ್ ಬಡ್ ನಮ್ಮ ಕಡೆಯಿಂದ ಇರುತ್ತದೆ. ಬ್ಲೇಡ್, ಚಿಮಟ ನಿಮ್ಮದೇ ಇರಲಿ.