ಒಡೆಯನ ನಡಿಗೆಯೂ ಒಡಲಿನ ಉರಿಯೂತವೂ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ತೊಗರಿಹೊಲದ ಉಳುಮೆಯನ್ನು ಟ್ರ್ಯಾಕ್ಟರಿಗೂ, ಉಸ್ತುವಾರಿಯನ್ನು ಆಳಿಗೂ ಒಪ್ಪಿಸಿ, ವಾಡಿ, ಶಹಾಬಾದುಗಳ ಪೇಟೆಗೆ ಮೋಟಾರು ಸೈಕಲ್ಲಿನಲ್ಲಿಯೇ ಹೋಗಿಬರುವ ಭೂಮಾಲಿಕನು ಒಂದು ಸಂಗತಿಯನ್ನು ಅರಿಯತಕ್ಕದ್ದು. ಶ್ರಮವಿಲ್ಲದ ಶರೀರದಲ್ಲಿ ಹೊಟ್ಟೆಯೊಳಗೆ ಸೇರಿದ ಕೊಬ್ಬು, ಗಾಯವಿಲ್ಲದೆಯೇ ಉರಿಯೂತವನ್ನು ಹುಟ್ಟಿಸುವ ದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತದೆ. ಬೂದಿ ಮುಚ್ಚಿದ ಕೆಂಡದಂತಿರುವ ಈ ಉರಿಯು ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿಯಾಗುವುದು.

ದುಡಿಯುವ ಮಾಂಸಖಂಡವಾದರೋ ಇಂಟರ್‌ಲ್ಯೂಕಿನ್-6 ಎಂಬ ದ್ರವ್ಯವನ್ನು ಸ್ರವಿಸಿ, ಉರಿಯನ್ನು ಶಮನಗೊಳಿಸುವ ಇಂಟರ್‌ಲ್ಯೂಕಿನ್-10 ಹೆಚ್ಚುವಂತೆ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸಿದೆ.

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲಿಕರೂ ವಾರಕ್ಕೆ ಐದು ದಿನವಾದರೂ ಅರ್ಧ ತಾಸು ಬಿರುಸಾಗಿ ಹೊಲದ ಬದುವಿನ ಮೇಲೆ ನಡೆಯತಕ್ಕದ್ದು. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಇದನ್ನು ಮುಗಿಸಬೇಕು; ಎದೆನೋವುಳ್ಳವರು ಮೊದಲು ವೈದ್ಯರನ್ನು ಕಾಣಬೇಕು. ಇದರಿಂದ ಬೆಳೆಗೆ ಕಾವಲೂ ಒಡಲಿಗೆ ಆರೋಗ್ಯವೂ ಒಟ್ಟಿಗೆ ಲಭಿಸುವುವು.