ಒಂಬತ್ತನೆಯ ದಂತತಜ್ಞ

ದಂತವೈದ್ಯರೆಂದರೆ ಹಲ್ಲು ಕೀಳುವವರೆಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ವಾಸ್ತವದಲ್ಲಿ, ಬಿಡಿಎಸ್ ಬಳಿಕದ ಮೂರು ವರ್ಷಗಳ ಎಂಡಿಎಸ್ ವ್ಯಾಸಂಗಕ್ಕೆ ಒಂಬತ್ತು ಶಾಖೆಗಳಿವೆ.

ಹುಳುಕು ತುಂಬಿ, ರೂಟ್ ಕೆನಾಲ್ ಮಾಡಿ ಹಲ್ಲನ್ನು ಉಳಿಸಿಕೊಡುವವರು ಎಂಡೊಡಾಂಟಿಸ್ಟರು. ವಸಡಿನ ರಕ್ತಸ್ರಾವ, ಹಲ್ಲಿನ ಅಲುಗಾಟ ಪೆರಿಯೊಡಾಂಟಿಸ್ಟರ ಪಾಲಿನವು. ವಕ್ರದಂತವನ್ನು ಆರ್ಥೊಡಾಂಟಿಸ್ಟರು ಸರಿಪಡಿಸುತ್ತಾರೆ, ಬಿದ್ದ ಹಲ್ಲಿನ ಜಾಗ ತುಂಬುವವರು ಪ್ರಾಸ್ಥೊಡಾಂಟಿಸ್ಟರು, ಮಕ್ಕಳಿಗೆ ಪೀಡೊಡಾಂಟಿಸ್ಟರಿದ್ದಾರೆ. ದವಡೆಯ ಮುರಿತ, ಮೂಳೆಯಲ್ಲಿ ಹುದುಗಿದ ಬುದ್ಧಿಹಲ್ಲು ಶಸ್ತ್ರಚಿಕಿತ್ಸಕರಿಗೆ ಸೇರಿದವು. ಬಾಯೊಳಗಿನ ಬಿಳಿಮಚ್ಚೆ, ಮಾಯದ ಹುಣ್ಣನ್ನು ಓರಲ್ ಮೆಡಿಸಿನ್ ತಜ್ಞರು ಪರೀಕ್ಷಿಸಿದರೆ, ಅದು ಕ್ಯಾನ್ಸರೇ ಎಂಬುದನ್ನು ಸೂಕ್ಷ್ಮದರ್ಶಕದಡಿ ನಿರ್ಣಯಿಸುವವರು ಓರಲ್ ಪೆಥಾಲಜಿಸ್ಟರು.

ಒಂಬತ್ತನೆಯ ಶಾಖೆ ಸಾರ್ವಜನಿಕ ದಂತ ಆರೋಗ್ಯ. ಈ ತಜ್ಞರಿಗೆ ಇಡೀ ಊರೇ ರೋಗಿ. ಕೋಲಾರ, ಪಾವಗಡದಂತಹ ಬರಸೀಮೆಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದಲ್ಲಿ, ಮಕ್ಕಳ ಹಲ್ಲಿನ ಎನಾಮಲ್ ದವಡೆಯೊಳಗೆ ರೂಪುಗೊಳ್ಳುವಾಗಲೇ ಕೆಡುತ್ತದೆ. ಇದನ್ನು ಕ್ಲಿನಿಕ್ಕಿನ ಕುರ್ಚಿಯಲ್ಲಿ ತಡೆಯಲಾಗದು. ಊರಿನ ನಲ್ಲಿಯಲ್ಲಿಯೇ ತಡೆಯಬೇಕು.

ವಕ್ರದಂತ ನೇರಗೊಳಿಸಲು ಹಣ ತೆರುವವರಿದ್ದಾರೆ. ಬಾರದೆ ಉಳಿದ ರೋಗಕ್ಕೆ ಶುಲ್ಕ ಕೊಡುವವರು ಯಾರು? ಮಾರುಕಟ್ಟೆ ಈ ಶಾಖೆಯನ್ನು ತಾನಾಗಿ ಪೋಷಿಸದು. ಜಿಲ್ಲೆಗೊಬ್ಬರಾದರೂ ಇಂತಹ ತಜ್ಞರಿರಬೇಕು. ಶಾಲಾ ತಪಾಸಣೆಯಲ್ಲಿಯೂ ಕುಡಿಯುವ ನೀರಿನ ಯೋಜನೆಗಳಲ್ಲಿಯೂ ಅವರ ಮಾತಿಗೆ ಬೆಲೆಯಿರಬೇಕು. ಸರ್ಕಾರ ವಹಿಸಿಕೊಳ್ಳದ ಹೊರತು ಈ ಹೊಣೆ ಯಾರದೂ ಆಗದು.