ಋತುವಿನ ಕೊನೆಯ ಪಂದ್ಯ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಬಿತ್ತುವ ರೈತನಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೂ ಬಿಡುವವರೆಗೆ ಹದವಾಗಿ ಸುರಿದ ಮಳೆ ಕಾಯಿ ಕಟ್ಟುವ ಹೊತ್ತಿನಲ್ಲಿ ಕೈಕೊಟ್ಟಿತೆಂದರೆ ಹಿಂದಿನ ಲೆಕ್ಕವೆಲ್ಲ ವ್ಯರ್ಥ. ಅಮೆರಿಕದ ಕಾಲೇಜುಗಳ ಬ್ಯಾಸ್ಕೆಟ್‌ಬಾಲಿನಲ್ಲಿ ಇಂಥದೇ ಒಂದು ಏರ್ಪಾಡನ್ನು ಮನುಷ್ಯರು ತಾವಾಗಿಯೇ ಮಾಡಿಕೊಂಡರು.

ಅಲ್ಲಿ ಕೆಲವು ಕಾಲೇಜುಗಳು ಸೇರಿ ಒಂದು ಒಕ್ಕೂಟವಾಗುತ್ತವೆ. ಅದನ್ನು ಕಾನ್ಫರೆನ್ಸ್ ಎನ್ನುತ್ತಾರೆ. ಚಳಿಗಾಲವೆಲ್ಲ ತಮ್ಮತಮ್ಮಲ್ಲಿ ಲೀಗ್ ಪಂದ್ಯಗಳನ್ನಾಡಿ, ಕೊನೆಗೆ ಒಂದೆಡೆ ನೆರೆದು ಕೆಲವೇ ದಿನಗಳ ನಾಕೌಟ್ ಕೂಟ ನಡೆಸುತ್ತವೆ. 1953ರಲ್ಲಿ ಹುಟ್ಟಿದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನಲ್ಲಿ ಈ ಕೂಟವನ್ನು ಗೆದ್ದವರೇ ರಾಷ್ಟ್ರೀಯ ಕೂಟಕ್ಕೆ ಪ್ರತಿನಿಧಿ. 1970ರಲ್ಲಿ ಸೌತ್ ಕೆರೊಲಿನಾ ತಂಡವು ಲೀಗಿನ 14 ಪಂದ್ಯಗಳನ್ನೂ ಗೆದ್ದು, ಕೂಟದ ಅಂತಿಮ ಪಂದ್ಯದಲ್ಲಿ 42-39ರಿಂದ ಸೋತು ಮನೆಗೆ ಹೋಯಿತು. 1974ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ತಂಡವು ಮೇರಿಲ್ಯಾಂಡನ್ನು ಹೆಚ್ಚುವರಿ ಅವಧಿಯಲ್ಲಿ 103-100ರಿಂದ ಸೋಲಿಸಿ, ಮುಂದೆ ರಾಷ್ಟ್ರದ ಚಾಂಪಿಯನ್ ಆಯಿತು. ಸೋತ ಮೇರಿಲ್ಯಾಂಡ್ ದೇಶದ ಅತ್ಯುತ್ತಮ ತಂಡಗಳಲ್ಲೊಂದು. ಆದರೂ ಬಾಗಿಲು ಮುಚ್ಚಿತ್ತು. ಮರುವರ್ಷವೇ ರಾಷ್ಟ್ರೀಯ ಕೂಟವನ್ನು 25ರಿಂದ 32 ತಂಡಗಳಿಗೆ ಹಿಗ್ಗಿಸಿ, ಒಂದು ಒಕ್ಕೂಟದಿಂದ ಎರಡನೆಯ ತಂಡಕ್ಕೂ ದಾರಿ ತೆರೆದರು. ಈ ಪಂದ್ಯದ ಕಸಿವಿಸಿ ಆ ಬದಲಾವಣೆಗೆ ಒತ್ತುಕೊಟ್ಟಿತೆಂದು ಬಲ್ಲವರು ಹೇಳುತ್ತಾರೆ.

ಹಾಗಾದರೆ ನಾಕೌಟನ್ನೇ ಬಿಟ್ಟುಬಿಡಬಾರದೆ? ಲೆಕ್ಕ ಹಾಕಿ ನೋಡಿ. ಹದಿನಾರು ತಂಡಗಳು ಪರಸ್ಪರ ಒಂದೊಂದು ಸಲ ಆಡಿದರೆ 120 ಪಂದ್ಯ, ನಾಕೌಟಾದರೆ 15. ಊಟ, ವಸತಿ, ರಜೆ ಇವೆಲ್ಲ ದುಡ್ಡಿನ ಮಾತು. ನಮ್ಮ ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ರೂಢಿಯಲ್ಲಿರುವ ನಡುದಾರಿ ನನಗೆ ಹೆಚ್ಚು ಮೆಚ್ಚುಗೆ. ಕೊನೆಯ ನಾಲ್ವರು ಉಳಿಯುವತನಕ ನಾಕೌಟ್, ಆಮೇಲೆ ಆ ನಾಲ್ವರಲ್ಲಿ ಲೀಗ್. ಒಟ್ಟು 18 ಪಂದ್ಯ, ಮೂರೇ ಹೆಚ್ಚು. ದಕ್ಷಿಣ ವಲಯದಲ್ಲಿ ಹೀಗೆ ಉಳಿದ ನಾಲ್ಕೂ ತಂಡಗಳು ಅಖಿಲ ಭಾರತ ಕೂಟಕ್ಕೆ ಹೋಗುತ್ತವೆ.

ಇನ್ನು ವರವು ಕಾವಲಿನ ಅಂಚಿನ ಹಳ್ಳಿಯಿಂದ ಚಳ್ಳಕೆರೆಯ ಕಾಲೇಜಿಗೆ ಬರುವ ಹುಡುಗನ ಪಾಡೇನು? ಅವನ ಕಾಲೇಜು ಮೊದಲು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತ್ತು, 2009ರಿಂದೀಚೆಗೆ ದಾವಣಗೆರೆಗೆ. ಅಂತರ ಕಾಲೇಜು ಕೂಟದ ಮೊದಲ ಪಂದ್ಯದಲ್ಲೇ ಅವನ ತಂಡ ಸೋಲಬಹುದು. ಸೋತ ತಂಡ ಸಂಜೆಯ ಬಸ್ಸು ಹಿಡಿಯುತ್ತದೆ, ನಿಜ. ಆದರೆ ವಿಶ್ವವಿದ್ಯಾಲಯದ ತಂಡವನ್ನು ಗೆದ್ದ ಕಾಲೇಜಿನಿಂದ ಮಾತ್ರವೇ ಕಟ್ಟುವುದಿಲ್ಲ. ಎಲ್ಲ ಕಾಲೇಜುಗಳ ಆಟಗಾರರಿಂದ ಆರಿಸುತ್ತಾರೆ. ಮೇರಿಲ್ಯಾಂಡಿನ ಹುಡುಗರಿಗೆ ಇಲ್ಲದಿದ್ದ ಕಿಂಡಿಯೊಂದು ಇವನಿಗೆ ಉಂಟು. ಆಯ್ಕೆಗಾರರು ಮೊದಲ ದಿನದ ಮೊದಲ ಪಂದ್ಯಕ್ಕೇ ಬಂದು ಕುಳಿತಿರಬೇಕು, ಅಷ್ಟೆ.